ಸೇನ್ ನದಿಯ ಜೊತೆಗೆ ಕಡಲಿನವರೆಗೆ

ಪ್ಯಾರಿಸ್‌ನಿಂದ ನಾರ್ಮಂಡಿ ಕರಾವಳಿಯ ದೋವಿಲ್‌ಗೆ ಸುಮಾರು 200 ಕಿಲೋಮೀಟರ್. ಎ13 ಹೆದ್ದಾರಿ ಹಿಡಿದು ಎಲ್ಲೂ ನಿಲ್ಲದೆ ಹೋದರೆ ಎರಡು ಗಂಟೆಯ ದಾರಿ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಜೋಡಿಗಳಿಗೆ ಫ್ರಾನ್ಸ್‌ನಲ್ಲಿ ಇದಕ್ಕಿಂತ ಹೆಚ್ಚು ಸವೆದ ದಾರಿ ಬಹುಶಃ ಇಲ್ಲ. ಇಬ್ಬರೇ ಹೋಗಿ ಬರುವ ಇಂಥ ಪ್ರವಾಸಕ್ಕೆ ಫ್ರೆಂಚರಲ್ಲಿ ‘ವೀಕೆಂಡ್ ಆನ್ ಅಮುರೋ’ ಎಂಬ ಹೆಸರೇ ಇದೆ. ಪ್ರೇಮಿಗಳಾಗಿ ಕಳೆಯುವ ವಾರಾಂತ್ಯ ಎಂದು ಅರ್ಥ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದವರಿಗೂ ಅದೇ ಮಾತು ಸಲ್ಲುತ್ತದೆ. ಇದರಲ್ಲಿ ವೀಕೆಂಡ್ ಎಂಬುದು ಫ್ರೆಂಚರಿಗೂ ಇಂಗ್ಲಿಷಿನಿಂದ ಬಂದ ಸಾಲ. ವಾರಕ್ಕೊಂದು ದಿನದ ರಜೆ ಅಲ್ಲಿ ಕಾನೂನಾದದ್ದು 1906ರಲ್ಲಿ. ದುಡಿಯುವ ಎಲ್ಲರಿಗೂ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಸಿಕ್ಕಿದ್ದು 1936ರಲ್ಲಿ.

ಉಳ್ಳವರು ಕಾನೂನಿಗಾಗಿ ಕಾಯಲಿಲ್ಲ. ಪ್ಯಾರಿಸ್‌ನಿಂದ ರುವಾಂ ನಗರಕ್ಕೆ 1843ರಲ್ಲಿ ರೈಲು ಬಂತು, ನದಿ ಕಡಲು ಸೇರುವಲ್ಲಿರುವ ಬಂದರು ಲ ಹಾವ್ರ್‌ಗೆ 1847ರಲ್ಲಿ, ಅದರ ಎದುರು ದಡದ ತ್ರೂವಿಲ್–ದೋವಿಲ್‌ಗೆ 1863ರಲ್ಲಿ. ಕಾರಿನ ಕಾಲ ಬಂದಾಗ ಫ್ರಾನ್ಸ್ ತನ್ನ ಮೊದಲ ಮೋಟಾರು ಹೆದ್ದಾರಿಯನ್ನು ಕಟ್ಟಿದ್ದೂ ಇದೇ ದಿಕ್ಕಿಗೆ. ಎ13ರ ಮೊದಲ ತುಂಡು ಪ್ಯಾರಿಸ್‌ನ ಪಶ್ಚಿಮದ ಅಂಚಿನಲ್ಲಿ 1946ರಲ್ಲಿ ತೆರೆಯಿತು. ಪ್ಯಾರಿಸ್ ನಗರದಲ್ಲಿ 20 ವಾರ್ಡುಗಳಿವೆ. 21ನೆಯದು ದೋವಿಲ್ ಎನ್ನುವುದು ಅಲ್ಲಿನವರ ಹಳೆಯ ತಮಾಷೆ.

ಹೆದ್ದಾರಿಗೂ ನದಿಗೂ ದಿಕ್ಕು ಒಂದೇ, ನಡೆ ಬೇರೆ. ಪ್ಯಾರಿಸ್ ದಾಟಿದ ಸೇನ್ ನದಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ಕುಣಿಕೆ ಹಾಕುತ್ತ ಸಾಗುತ್ತದೆ. ತಿರುವಿನ ಹೊರದಂಡೆಯಲ್ಲಿ ಸೀಮೆಸುಣ್ಣದ ಬಿಳಿ ಬಂಡೆಯ ಗೋಡೆ, ಒಳದಂಡೆಯಲ್ಲಿ ಹುಲ್ಲುಗಾವಲು, ಹಸು, ಸೇಬಿನ ತೋಟ. ಎ13 ಇದನ್ನೆಲ್ಲ ಅಡ್ಡಹಾಯ್ದು ಕತ್ತರಿಸಿಕೊಂಡು ಹೋಗುತ್ತದೆ. ಹಾಗಾಗಿ ಈ ಪ್ರವಾಸದ ರುಚಿಯೆಲ್ಲ ಹೆದ್ದಾರಿಯಿಂದ ಎಲ್ಲಿ ಇಳಿಯುತ್ತಾರೆ ಎಂಬುದರ ಮೇಲಿದೆ. ಜಿವೆರ್ನಿ, ರುವಾಂ, ವಿಲ್ಕಿಯೆ, ಓನ್‌ಫ್ಲರ್, ತ್ರೂವಿಲ್, ದೋವಿಲ್ ಎಲ್ಲವನ್ನೂ ಎರಡು ದಿನಕ್ಕೆ ತುರುಕಿದರೆ ಕಾರಿನ ಕಿಟಕಿಯಷ್ಟೇ ನೋಡಿದಂತಾಗುತ್ತದೆ. ಒಂದನ್ನಾದರೂ ಕೈಬಿಡಬೇಕು. ರಾತ್ರಿ ತಂಗಲು ಕಡಲತೀರಕ್ಕಿಂತ ರುವಾಂ ವಾಸಿ. ಅದು ನಿಜವಾದ ನಗರ, ಪ್ರವಾಸಿಗರು ಹೋದ ಮೇಲೂ ಅಲ್ಲಿ ಊರು ಉಳಿದಿರುತ್ತದೆ.

ಹೊರಡುವ ಮುನ್ನ ಕಾರಿನ ವಿಚಾರ. ಕರ್ನಾಟಕದ ಡಿಎಲ್ ಇರುವವರು ಆರ್‌ಟಿಒ ಕಚೇರಿಯಿಂದ ಐಡಿಪಿ, ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಬೇಕು. ಅದರ ಅವಧಿ ಒಂದು ವರ್ಷ, ಮೂಲ ಡಿಎಲ್ ಜೊತೆಗಿದ್ದರಷ್ಟೇ ಅದಕ್ಕೆ ಬೆಲೆ. ಬಾಡಿಗೆ ಕಾರು ಕೊಡುವವರು ಡೆಪಾಸಿಟ್ ಹಿಡಿಯಲು ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ, ಅದೂ ಓಡಿಸುವವರ ಹೆಸರಿನದ್ದೇ ಆಗಬೇಕು. ಗೇರ್ ಇಲ್ಲದ ಕಾರು ಬೇಕಿದ್ದರೆ ಮೊದಲೇ ಹೇಳಿಡಬೇಕು. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗೇರ್ ಬಲಗೈಗೆ, ವಾಹನ ಸಾಗುವುದು ರಸ್ತೆಯ ಬಲಕ್ಕೆ. ಮೊದಲ ಅರ್ಧ ಗಂಟೆ ತೊಂದರೆ ಕೊಡುವುದು ಹೆದ್ದಾರಿಯಲ್ಲ, ಖಾಲಿ ರಸ್ತೆಯಲ್ಲಿ ಎಡಕ್ಕೆ ತಿರುಗುವ ಗಳಿಗೆ. ಎದುರು ವಾಹನ ಇಲ್ಲದಾಗ ಕೈ ತಾನಾಗಿ ಊರಿನ ಅಭ್ಯಾಸದ ಕಡೆಗೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ‘ಬಲ, ಬಲ’ ಎನ್ನುತ್ತಿರಬೇಕು. ಎಷ್ಟೋ ಜೋಡಿಗಳ ಮೊದಲ ಜಗಳ ಹುಟ್ಟುವುದೂ ಅಲ್ಲೇ.

ವೇಗದ ಮಿತಿ ಹೆದ್ದಾರಿಯಲ್ಲಿ ಗಂಟೆಗೆ 130 ಕಿಲೋಮೀಟರ್, ಮಳೆ ಬಂದರೆ 110. ಊರ ಹೊರಗಿನ ಸಾಧಾರಣ ರಸ್ತೆಗಳಲ್ಲಿ ಸಾಮಾನ್ಯವಾಗಿ 80, ಊರೊಳಗೆ 50, ಪ್ಯಾರಿಸ್‌ನ ಬಹುತೇಕ ಬೀದಿಗಳಲ್ಲಿ 30. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಗಲ್ಲಿಯಿಂದ ಬರುವವರಿಗೇ ಮೊದಲ ಹಕ್ಕು, ಆ ಗಲ್ಲಿ ಎಷ್ಟೇ ಸಣ್ಣದಿರಲಿ. ಹಳದಿ ವಜ್ರಾಕೃತಿಯ ಫಲಕ ಕಂಡರೆ ಮಾತ್ರ ತಾವಿರುವ ರಸ್ತೆಯೇ ಹಿರಿಯದೆಂದು ತಿಳಿಯಬಹುದು. ಪೆಟ್ರೋಲ್ ಬಂಕಿನಲ್ಲಿ ‘ಗಾಜೋಲ್’ ಎಂದು ಬರೆದಿರುವುದು ಡೀಸೆಲ್. ಗ್ಯಾಸೊಲಿನ್ ಎಂದು ಓದಿಕೊಂಡು ಪೆಟ್ರೋಲ್ ಕಾರಿಗೆ ಅದನ್ನು ತುಂಬಿಸಿದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಎ13ರಲ್ಲಿ ಟೋಲ್ ಗೇಟುಗಳು ಈಗಿಲ್ಲ. 2024ರಿಂದ ರಸ್ತೆಯ ಮೇಲಿನ ಕಮಾನಿನ ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಫಾಸ್ಟ್ಯಾಗ್‌ನಂಥ ಉಪಕರಣ ಕಾರಿನಲ್ಲಿ ಇಲ್ಲದವರು 72 ಗಂಟೆಯೊಳಗೆ ತಾವಾಗಿಯೇ ವೆಬ್‌ಸೈಟಿನಲ್ಲಿ ಹಣ ಕಟ್ಟಬೇಕು.

ಪ್ಯಾರಿಸ್ ಬಿಟ್ಟು ಸುಮಾರು 75 ಕಿಲೋಮೀಟರಿಗೆ ವೆರ್ನೋಂ, ಅಲ್ಲಿ ನದಿ ದಾಟಿದರೆ ಜಿವೆರ್ನಿ ಹಳ್ಳಿ. ಚಿತ್ರಕಾರ ಕ್ಲೋಡ್ ಮೊನೆ 1883ರಲ್ಲಿ ಇಲ್ಲಿ ಬಾಡಿಗೆಗೆ ಬಂದ, 1926ರಲ್ಲಿ ಸಾಯುವವರೆಗೂ ಇಲ್ಲೇ ಇದ್ದ. ಬರುವಾಗ ಅವನ ಜೊತೆ ತೀರಿಹೋದ ಹೆಂಡತಿ ಕಮೀಯ್‌ಳ ಇಬ್ಬರು ಗಂಡುಮಕ್ಕಳು, ಆಲೀಸ್ ಓಶೆದೆ ಎಂಬಾಕೆ, ಆಕೆಯ ಆರು ಮಕ್ಕಳು. ಆಲೀಸ್‌ಳ ಗಂಡ ಆಗಿನ್ನೂ ಬದುಕಿದ್ದ. ಅವನು ತೀರಿಕೊಂಡ ಮೇಲೆ, 1892ರ ಜುಲೈನಲ್ಲಿ, ಮೊನೆ ಆಕೆಯನ್ನು ಮದುವೆಯಾದ. ಪ್ರಸಿದ್ಧ ನೈದಿಲೆ ಕೊಳ ಮನೆಯೆದುರಿನ ಹೂದೋಟದಲ್ಲಿಲ್ಲ, ರಸ್ತೆಯ ಆಚೆಗಿದೆ. 1893ರಲ್ಲಿ ಆ ಜಾಗ ಕೊಂಡು ಪಕ್ಕದ ಹಳ್ಳದಿಂದ ನೀರು ತಿರುಗಿಸಲು ಮೊನೆ ಅನುಮತಿ ಕೇಳಿದಾಗ ಊರವರು ತಕರಾರು ತೆಗೆದರು. ಪರದೇಶದ ಗಿಡಗಳಿಂದ ನೀರು ಕೆಟ್ಟು ದನಕರುಗಳಿಗೆ ತೊಂದರೆಯಾದೀತು ಎಂಬುದು ಅವರ ಭಯ. ಇಂದು ಅದೇ ಹಳ್ಳಿ ಆ ಕೊಳದಿಂದಲೇ ಬದುಕುತ್ತಿದೆ.

ಮನೆ, ತೋಟ ತೆರೆದಿರುವುದು ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ ಮಾತ್ರ. ನೈದಿಲೆ ಅರಳಿರುವುದನ್ನು ನೋಡಬೇಕಿದ್ದರೆ ಜುಲೈನಿಂದ ಸೆಪ್ಟೆಂಬರ್. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರದಿದ್ದರೆ ಕೊಳದ ಹಸಿರು ಸೇತುವೆಯ ಮೇಲೆ ಇಬ್ಬರಿಗೆ ಏಕಾಂತ ಸಿಗುವುದಿಲ್ಲ, ಫೋಟೊಗೆ ಸರದಿ ಸಿಗುತ್ತದೆ. ಯಾವುದನ್ನಾದರೂ ಕೈಬಿಡಬೇಕೆಂದರೆ ಜುಲೈ–ಆಗಸ್ಟ್‌ನ ಶನಿವಾರಗಳಲ್ಲಿ ಜಿವೆರ್ನಿಯನ್ನೇ ಬಿಡಬಹುದು. ಬದಲಿಗೆ ನದಿಯ ಕೆಳಮುಖವಾಗಿ ಸ್ವಲ್ಪ ದೂರದ ಲೆ ಜಾಂದ್ಲಿಯಲ್ಲಿ ಬಂಡೆ ಹತ್ತಿ ಶಾತೋ ಗಯಾರ್ ಕೋಟೆಯ ಪಾಳನ್ನು ನೋಡಬಹುದು. ಇಂಗ್ಲೆಂಡಿನ ದೊರೆ ಸಿಂಹಹೃದಯ ರಿಚರ್ಡ್ 1196ರಿಂದ ಎರಡೇ ವರ್ಷದಲ್ಲಿ ಕಟ್ಟಿಸಿದ ಈ ಕೋಟೆ 1204ರಲ್ಲಿ ಫ್ರೆಂಚರ ಕೈಸೇರಿತು. ಅಲ್ಲಿಂದ ಕಾಣುವ ಸೇನ್‌ನ ತಿರುವಿಗೆ ಟಿಕೆಟ್ ಇಲ್ಲ.

ರುವಾಂ ಪ್ಯಾರಿಸ್‌ನಿಂದ ಸುಮಾರು 135 ಕಿಲೋಮೀಟರ್. ಹಳೆಯ ಊರಿನ ನಡುಭಾಗಕ್ಕೆ ಕಾರು ತರುವ ಹಟ ಬೇಡ. ನದಿದಂಡೆಯ ಪಾರ್ಕಿಂಗಿನಲ್ಲಿ ಬಿಟ್ಟು ನಡೆಯುವುದೇ ಸುಲಭ. ಮರದ ತೊಲೆಗಳ ಚೌಕಟ್ಟು ಹೊರಗೆ ಕಾಣುವ ಹಳೆಯ ಮನೆಗಳು ಬೀದಿಯ ಎರಡೂ ಬದಿ ಒಂದಕ್ಕೊಂದು ವಾಲಿಕೊಂಡಿವೆ. ಬೀದಿಗೆ ಅಡ್ಡಲಾಗಿ ಕಮಾನಿನ ಮೇಲೆ ಕೂತ ದೊಡ್ಡ ಗಡಿಯಾರ ಗ್ರೋಜೋರ್ಲೋಜ್. ಅದರ ಯಂತ್ರ 1389ರದ್ದು, ಮುಖಕ್ಕೆ ಇರುವುದು ಒಂದೇ ಮುಳ್ಳು. ಗಂಟೆ ತಿಳಿದರೆ ಸಾಕು, ನಿಮಿಷದ ಗೊಡವೆ ಬೇಡ ಎನ್ನುತ್ತಿದ್ದ ಕಾಲದ ಗಡಿಯಾರವದು.

ಕೆಥೆಡ್ರಲ್‌ನ ನಡುಗೋಪುರ ಎರಕದ ಕಬ್ಬಿಣದ್ದು, 151 ಮೀಟರ್ ಎತ್ತರ. 1876ರಿಂದ 1880ರವರೆಗೆ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ ಇದೇ. 2024ರ ಜುಲೈ 11ರಂದು ದುರಸ್ತಿ ನಡೆಯುತ್ತಿದ್ದಾಗ ಇದರ ತುದಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದಕ್ಕೆ ಐದು ವರ್ಷದ ಹಿಂದೆ ಪ್ಯಾರಿಸ್‌ನ ನೋತ್ರ ದಾಮ್ ಕೆಥೆಡ್ರಲ್ ಉರಿದದ್ದನ್ನು ಕಂಡಿದ್ದ ದೇಶ ಬೆಚ್ಚಿತು, ಆದರೆ ಬೆಂಕಿ ಬೇಗ ಹತೋಟಿಗೆ ಬಂತು. ಎದುರಿನ ಬಲಗೋಪುರಕ್ಕೆ ‘ಬೆಣ್ಣೆ ಗೋಪುರ’ ಎಂದು ಹೆಸರು. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಬೆಣ್ಣೆ ತಿನ್ನಲು ಅನುಮತಿ ಪಡೆದವರು ಕೊಟ್ಟ ಕಾಣಿಕೆಯಿಂದ ಇದು ಎದ್ದಿತು ಎಂದು ಊರವರು ಹೇಳುತ್ತಾರೆ. ನಾರ್ಮಂಡಿಯ ಅಡುಗೆಯನ್ನು ಒಂದು ದಿನ ಉಂಡವರು ಈ ಮಾತನ್ನು ಸುಲಭವಾಗಿ ನಂಬುತ್ತಾರೆ.

1892 ಮತ್ತು 1893ರ ಚಳಿಗಾಲದ ಕೊನೆಯಲ್ಲಿ ಮೊನೆ ಈ ಕೆಥೆಡ್ರಲ್‌ನ ಎದುರಿನ ಕೋಣೆಗಳಲ್ಲಿ ಕೂತು ಅದರ ಮುಖವನ್ನು ಮೂವತ್ತಕ್ಕೂ ಹೆಚ್ಚು ಸಲ ಬರೆದ. ಹೊತ್ತು ಸರಿದಂತೆ ಒಂದು ಕ್ಯಾನ್ವಾಸ್ ಇಳಿಸಿ ಇನ್ನೊಂದು ಏರಿಸುವುದು, ಮರುದಿನ ಅದೇ ಬೆಳಕು ಬಂದಾಗ ಮತ್ತೆ ಮೊದಲಿನದು. ಆ ಕೋಣೆಗಳಲ್ಲಿ ಒಂದು ಹೆಂಗಸರ ಉಡುಪಿನ ಅಂಗಡಿಯದು. ಬಟ್ಟೆ ಹಾಕಿ ನೋಡಲು ಬರುವ ಗಿರಾಕಿಗಳು ಗಂಡಸೊಬ್ಬ ಅಲ್ಲಿ ಕೂತಿರುವುದಕ್ಕೆ ಗೊಣಗಿದ್ದರಿಂದ ಅವನ ಸುತ್ತ ಒಂದು ತಡಿಕೆ ಕಟ್ಟಬೇಕಾಯಿತು. ದಿನವೂ ಆಲೀಸ್‌ಗೆ ಕಾಗದ ಬರೆಯುತ್ತಿದ್ದ. ಕೆಥೆಡ್ರಲ್ ತನ್ನ ಮೇಲೆಯೇ ಕುಸಿದು ಬೀಳುವ ಕನಸು ಕಂಡೆ, ಅದು ನೀಲಿಯಾಗಿ, ಗುಲಾಬಿಯಾಗಿ, ಹಳದಿಯಾಗಿ ಕಾಣುತ್ತಿತ್ತು ಎಂದು 1892ರ ಏಪ್ರಿಲ್‌ನ ಒಂದು ಕಾಗದದಲ್ಲಿದೆ. ಇನ್ನು ಮೂರು ತಿಂಗಳಿಗೆ ಅವರ ಮದುವೆ. ಆ ಸರಣಿಯ ಒಂದು ಚಿತ್ರ ಊರಿನ ಕಲಾ ಸಂಗ್ರಹಾಲಯದಲ್ಲಿದೆ. ಚಿತ್ರ ನೋಡಿ ಹೊರಬಂದು ಕಲ್ಲನ್ನು ನೋಡಿದರೆ, ಮೋಡವಿದ್ದ ದಿನ ಅದು ಬರೀ ಬೂದು.

ಫ್ರೆಂಚ್ ಸಾಹಿತ್ಯದ ಅತಿ ಕುಖ್ಯಾತ ಜೋಡಿ ಸವಾರಿ ಹೊರಟದ್ದೂ ಇದೇ ಕೆಥೆಡ್ರಲ್‌ನ ಬಾಗಿಲಿನಿಂದ. ಗುಸ್ತಾವ್ ಫ್ಲೋಬೇರ್ ರುವಾಂನಲ್ಲಿ 1821ರಲ್ಲಿ ಹುಟ್ಟಿದವನು. ಅವನ ‘ಮದಾಂ ಬೊವಾರಿ’ಯಲ್ಲಿ ಹಳ್ಳಿ ವೈದ್ಯನ ಹೆಂಡತಿ ಎಮ್ಮಾ, ಲೆಯೋಂ ಎಂಬ ಗುಮಾಸ್ತನಿಗೆ ‘ಇದು ಬೇಡ’ ಎಂದು ಕಾಗದ ಬರೆದುಕೊಂಡೇ ಕೆಥೆಡ್ರಲ್‌ಗೆ ಬರುತ್ತಾಳೆ. ಇಬ್ಬರ ಮಾತಿಗೆ ಬಿಡುವು ಕೊಡದೆ ಅಲ್ಲಿನ ಕಾವಲುಗಾರ ಸಮಾಧಿ ತೋರಿಸುತ್ತೇನೆ, ಗೋಪುರ ತೋರಿಸುತ್ತೇನೆ ಎಂದು ಬೆನ್ನುಹತ್ತುತ್ತಾನೆ. ಲೆಯೋಂ ಬಾಡಿಗೆ ಕುದುರೆಗಾಡಿ ತರಿಸುತ್ತಾನೆ. ಎಲ್ಲಿಗೆ ಎಂದು ಗಾಡಿಯವನು ಕೇಳಿದರೆ ಎಲ್ಲಿಗಾದರೂ ಸರಿ. ಪರದೆ ಎಳೆದ ಗಾಡಿ ಬೀದಿ ಬೀದಿ ಸುತ್ತುತ್ತದೆ, ಬಂದರು, ಸೇತುವೆ, ಸ್ಮಶಾನದ ಬದಿ, ಮತ್ತೆ ಊರು. ಗಾಡಿಯವನು ನಿಲ್ಲಿಸಿದರೆ ಒಳಗಿಂದ ಬೈಗುಳ. ಬಾಯಾರಿ, ದಣಿದು ಅವನು ಅಳುವ ಹಂತಕ್ಕೆ ಬರುತ್ತಾನೆ. ಒಳಗಿನದೇನನ್ನೂ ಫ್ಲೋಬೇರ್ ಹೇಳುವುದಿಲ್ಲ. ಮಧ್ಯಾಹ್ನ ಒಮ್ಮೆ ಪರದೆಯ ಸಂದಿನಿಂದ ಒಂದು ಕೈ ಹೊರಬಂದು ಕಾಗದದ ಚೂರುಗಳನ್ನು ಗಾಳಿಗೆ ಬಿಡುತ್ತದೆ. ಸಂಜೆ ಆರರ ಹೊತ್ತಿಗೆ ಮುಖಪರದೆ ಇಳಿಬಿಟ್ಟ ಹೆಂಗಸೊಬ್ಬಳು ಗಲ್ಲಿಯೊಂದರಲ್ಲಿ ಇಳಿದು ಹಿಂದೆ ನೋಡದೆ ಹೋಗುತ್ತಾಳೆ.

1856ರಲ್ಲಿ ಕಾದಂಬರಿ ಧಾರಾವಾಹಿಯಾಗಿ ಬರುತ್ತಿದ್ದಾಗ ಪತ್ರಿಕೆಯವರು ಈ ಗಾಡಿಯ ಪ್ರಸಂಗವನ್ನೇ ಕಿತ್ತುಹಾಕಿದರು. ಆದರೂ ಸರ್ಕಾರ ನೀತಿಗೆಟ್ಟ ಬರಹವೆಂದು ಕೇಸು ಹಾಕಿತು. 1857ರ ಫೆಬ್ರವರಿ 7ರಂದು ಫ್ಲೋಬೇರ್ ಖುಲಾಸೆಯಾದ, ಆಮೇಲೆ ಪುಸ್ತಕವಾಗಿ ಬಂದ ಕಾದಂಬರಿ ಜೋರಾಗಿ ಮಾರಾಟವಾಯಿತು. ಇವತ್ತು ಅದೇ ಸುತ್ತನ್ನು ಕಾರಿನಲ್ಲಿ ಹೊಡೆಯಲು ಹೊರಟರೆ ಏಕಮುಖ ರಸ್ತೆಗಳೂ ಪಾದಚಾರಿ ಬೀದಿಗಳೂ ಬಿಡುವುದಿಲ್ಲ.

ಊಟಕ್ಕೆ ಹಳೆ ಸಂತೆ ಚೌಕ, ಪ್ಲಾಸ್ ದ್ಯು ವಿಯೂ ಮಾರ್ಶೆ. ಹತ್ತೊಂಬತ್ತು ವರ್ಷದ ಜೋನ್ ಆಫ್ ಆರ್ಕ್‌ಳನ್ನು 1431ರ ಮೇ 30ರಂದು ಜೀವಂತ ಸುಟ್ಟ ಜಾಗವಿದು. ಚೌಕದಲ್ಲಿ ಅವಳ ಹೆಸರಿನ ಚರ್ಚು 1979ರದ್ದು. ಸಿಮೆಂಟು, ಮರ, ಸ್ಲೇಟಿನ ಆ ಹೊಸ ಕಟ್ಟಡದ ಒಳಗೆ 16ನೆಯ ಶತಮಾನದ ಬಣ್ಣದ ಗಾಜುಗಳಿವೆ. ಅವು 1944ರ ಬಾಂಬ್ ದಾಳಿಯಲ್ಲಿ ನಾಶವಾದ ಇನ್ನೊಂದು ಚರ್ಚಿನವು. ಯುದ್ಧ ಶುರುವಾದಾಗಲೇ ಬಿಚ್ಚಿ ಬೇರೆಡೆ ಇಟ್ಟಿದ್ದರಿಂದ ಉಳಿದವು.

ಇದೇ ಚೌಕದಲ್ಲಿ ಲಾ ಕೂರೊನ್ ಎಂಬ ಊಟದ ಮನೆಯಿದೆ. 1345ರಿಂದ ನಡೆಯುತ್ತಿದೆ ಎನ್ನುವುದು ಅದರ ಹೆಮ್ಮೆ. 1948ರ ನವೆಂಬರ್ 3ರಂದು ಅಮೆರಿಕದ ಗಂಡ ಹೆಂಡಿರು ಲ ಹಾವ್ರ್‌ನಲ್ಲಿ ಹಡಗಿನಿಂದ ತಮ್ಮ ನೀಲಿ ಬ್ಯೂಕ್ ಕಾರನ್ನು ಇಳಿಸಿಕೊಂಡು, ಪ್ಯಾರಿಸ್‌ಗೆ ಹೊರಟವರು, ಮಧ್ಯಾಹ್ನದ ಊಟಕ್ಕೆ ಇಲ್ಲಿ ನಿಂತರು. ಗಂಡ ಪಾಲ್ ಚೈಲ್ಡ್‌ಗೆ ಫ್ರೆಂಚ್ ಬರುತ್ತಿತ್ತು. ಹೆಂಡತಿ ಜೂಲಿಯಾಗೆ ಆಗ 36 ವರ್ಷ, ಫ್ರೆಂಚ್ ಬಾರದು, ಅಡುಗೆಯೂ ಅಷ್ಟಕ್ಕಷ್ಟೇ. ಹಿಟ್ಟು ಸವರಿ ಬೆಣ್ಣೆಯಲ್ಲಿ ಹದವಾಗಿ ಹುರಿದ ಸೋಲ್ ಮೀನು ಬಂತು. ಆ ಊಟವೇ ತನ್ನ ಬದುಕನ್ನು ತಿರುಗಿಸಿತೆಂದು ಆಕೆ ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಳು. ಪ್ಯಾರಿಸ್‌ನಲ್ಲಿ ಅಡುಗೆ ಕಲಿತು, ಇಬ್ಬರು ಫ್ರೆಂಚ್ ಗೆಳತಿಯರ ಜೊತೆ ಬರೆದು 1961ರಲ್ಲಿ ತಂದ ಪುಸ್ತಕದಿಂದ ಅಮೆರಿಕದ ಮನೆಮನೆಗೆ ಫ್ರೆಂಚ್ ಅಡುಗೆ ಹೊಕ್ಕಿತು.

ಈ ಊಟದ ಮನೆಗಳಿಗೆ ಹೊತ್ತಿನ ಕಟ್ಟು ಬಿಗಿ. ಮಧ್ಯಾಹ್ನ 12ರಿಂದ 2, ರಾತ್ರಿ 7ರ ಮೇಲೆ. ಮೂರು ಗಂಟೆಗೆ ಹಸಿದು ಬಂದವರಿಗೆ ಕಾಫಿ ಸಿಕ್ಕೀತು, ಊಟ ಸಿಗುವುದು ಕಷ್ಟ. ಭಾನುವಾರ ರಾತ್ರಿ ಬಾಗಿಲು ಹಾಕುವವರು ಬಹಳ. ಮಾಂಸ, ಮೀನು ತಿನ್ನದವರಿಗೆ ಬಕ್‌ವೀಟ್ ಎಂಬ ಕಪ್ಪು ಧಾನ್ಯದ ಹಿಟ್ಟಿನ ಗಾಲೆಟ್ ಇದೆ. ನೋಡಲು ನಮ್ಮ ರಾಗಿ ದೋಸೆಯ ನೆಂಟ, ಒಳಗೆ ಚೀಸ್, ಅಣಬೆ. ಕೊನೆಗೆ ತರ್ಗೂಲ್ ಕೇಳಬೇಕು. ಅಕ್ಕಿ, ಹಾಲು, ಸಕ್ಕರೆ, ದಾಲ್ಚಿನ್ನಿ ಹಾಕಿ ಮಣ್ಣಿನ ಪಾತ್ರೆಯಲ್ಲಿ ಸಣ್ಣ ಕಾವಿನ ಒಲೆಯಲ್ಲಿ ಐದಾರು ಗಂಟೆ ಬೇಯಿಸಿದ ಗಟ್ಟಿ ಪಾಯಸವದು. ಮೇಲೆ ಕಂದು ಕೆನೆ ಹೊರಪದರವಾಗಿ ಕಟ್ಟಿರುತ್ತದೆ. ಆ ಪದರದ ಹಂಚಿಕೆಯಲ್ಲಿ ಪ್ರೇಮದ ಪರೀಕ್ಷೆಯಾಗುತ್ತದೆ. ದ್ರಾಕ್ಷಿತೋಟವಿಲ್ಲದ ಸೀಮೆಯಾದ್ದರಿಂದ ಕುಡಿಯಲು ಸೇಬಿನ ಸೀಡ್ರ್, ಇನ್ನೂ ಗಡುಸು ಬೇಕಾದವರಿಗೆ ಸೇಬಿನಿಂದಲೇ ಭಟ್ಟಿ ಇಳಿಸಿದ ಕಲ್ವಾದೋಸ್. ಓಡಿಸುವವರಿಗೆ ಎರಡೂ ಬೇಡ. ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಂ ಆಲ್ಕೊಹಾಲ್ ತಲುಪಿದರೂ ಅಪರಾಧ.

ಭಾನುವಾರ ಬೆಳಿಗ್ಗೆ ಹೆದ್ದಾರಿಗೆ ಮರಳದೆ ನದಿಯ ಬಲದಂಡೆಯ ರಸ್ತೆ ಹಿಡಿಯಬೇಕು. ಊರು ದಾಟುವಾಗ ಸಿಗುವ ಕ್ರುವಾಸೆಯಲ್ಲಿ ಫ್ಲೋಬೇರ್ ಕಾದಂಬರಿ ಬರೆದ ಮನೆಯಿತ್ತು, ಈಗ ಉಳಿದಿರುವುದು ತೋಟದ ಸಣ್ಣ ಕೋಣೆ ಮಾತ್ರ. ಮುಂದೆ ಜ್ಯುಮಿಯೆಜ್ ಮಠದ ಪಾಳು, ಸೂರಿಲ್ಲದ ಎರಡು ಬಿಳಿ ಗೋಪುರಗಳು ಸುಮಾರು 46 ಮೀಟರ್ ಎತ್ತರಕ್ಕೆ ನಿಂತಿವೆ. 1067ರಲ್ಲಿ ಇದರ ಪ್ರತಿಷ್ಠೆಗೆ ಆಗಷ್ಟೇ ಇಂಗ್ಲೆಂಡ್ ಗೆದ್ದಿದ್ದ ವಿಲಿಯಂ ಬಂದಿದ್ದ. ಈ ಭಾಗದಲ್ಲಿ ಸೇತುವೆಗಳು ಕಡಿಮೆ. ಕಾರುಗಳನ್ನೂ ಹೊತ್ತು ದಡದಿಂದ ದಡಕ್ಕೆ ಹೋಗುವ ಬಾರ್ಜ್‌ಗಳಿವೆ, ಅದಕ್ಕೆ ಶುಲ್ಕವಿಲ್ಲ. ದಾಟುವ ಅಗತ್ಯವಿಲ್ಲದಿದ್ದರೂ ಒಮ್ಮೆ ಹೋಗಿ ಬರುವವರಿದ್ದಾರೆ.

ವಿಲ್ಕಿಯೆ ಇನ್ನೂ ಕೆಳಗೆ, ನದಿಗೆ ಮುಖ ಮಾಡಿದ ಒಂದೇ ಸಾಲಿನ ಮನೆಗಳ ಹಳ್ಳಿ. ಕವಿ ವಿಕ್ಟರ್ ಹ್ಯೂಗೊನ ಹಿರಿಮಗಳು ಲೆಯೊಪೊಲ್ದೀನ್ 1843ರ ಫೆಬ್ರವರಿಯಲ್ಲಿ ಇಲ್ಲಿನ ಶಾರ್ಲ್ ವಕೆರಿಯನ್ನು ಮದುವೆಯಾದಳು. ಅವಳಿಗೆ ಆಗ 18. ಸೆಪ್ಟೆಂಬರ್ 4ರಂದು ಶಾರ್ಲ್ ಕೆಲಸದ ಮೇಲೆ ಪಕ್ಕದ ಕೋದ್‌ಬೆಕ್ ಊರಿಗೆ ದೋಣಿಯಲ್ಲಿ ಹೋದ. ಅವಳೂ ಹತ್ತಿದಳು. ಜೊತೆಗೆ ಅವನ ಚಿಕ್ಕಪ್ಪ, ಚಿಕ್ಕಪ್ಪನ ಹನ್ನೊಂದು ವರ್ಷದ ಮಗ. ಹಿಂತಿರುಗುವಾಗ ಗುಡ್ಡದ ಸಂದಿನಿಂದ ನುಗ್ಗಿದ ಗಾಳಿಗೆ ದೋಣಿ ಮಗುಚಿತು. ಶಾರ್ಲ್ ಒಳ್ಳೆಯ ಈಜುಗಾರ. ಮತ್ತೆ ಮತ್ತೆ ಮುಳುಗಿ ಅವಳನ್ನು ಎಳೆದು ತರಲು ನೋಡಿದ, ಆಗದೆ ತಾನೂ ಮೇಲೆ ಬರಲಿಲ್ಲ. ನಾಲ್ವರೂ ಸತ್ತರು. ಗಂಡ ಹೆಂಡತಿಯನ್ನು ಒಂದೇ ಶವಪೆಟ್ಟಿಗೆಯಲ್ಲಿಟ್ಟು ಚರ್ಚಿನ ಪಕ್ಕದಲ್ಲಿ ಮಣ್ಣು ಮಾಡಿದರು.

ಹ್ಯೂಗೊ ಆಗ ತನ್ನ ಪ್ರೇಯಸಿ ಜೂಲಿಯೆತ್ ದ್ರೂಯೆ ಜೊತೆ ಪಿರಿನೀಸ್ ಪ್ರವಾಸ ಮುಗಿಸಿ ಮರಳುತ್ತಿದ್ದ. ಐದು ದಿನದ ನಂತರ, ರೋಶ್‌ಫೋರ್ ಎಂಬ ಊರಿನ ಕಾಫಿ ಅಂಗಡಿಯಲ್ಲಿ ಕೂತು ಪತ್ರಿಕೆ ಬಿಡಿಸಿದಾಗ ಮಗಳು ಸತ್ತ ಸುದ್ದಿ ಕಣ್ಣಿಗೆ ಬಿತ್ತು. ಆಮೇಲೆ ಬಹುಕಾಲ ಅವನು ಕವನ ಸಂಕಲನ ಹೊರತರಲಿಲ್ಲ. 1856ರ ‘ಲೆ ಕೋಂತಾಂಪ್ಲಾಸಿಯೋಂ’ ಸಂಕಲನವನ್ನು ಅವಳು ಸಾಯುವ ಮುಂಚಿನದು, ಸತ್ತ ಮೇಲಿನದು ಎಂದು ಎರಡು ಭಾಗ ಮಾಡಿದ. ವಕೆರಿ ಮನೆತನದ ಮನೆ ಈಗ ಹ್ಯೂಗೊ ಸಂಗ್ರಹಾಲಯ. ಪ್ರೇಮದ ಪ್ರವಾಸಕ್ಕೆ ಇದು ಒಗ್ಗುವ ಜಾಗವೇ ಎಂದು ಕೇಳಬಹುದು. ಸಮಾಧಿಯ ಮುಂದೆ ನಿಂತ ಜೋಡಿಗಳು ಹೆಚ್ಚು ಮಾತಾಡುವುದಿಲ್ಲ, ಆದರೆ ಬೇಗ ಹೊರಡುವುದೂ ಇಲ್ಲ.

ನದಿ ದಾಟಿ ಎಡದಂಡೆಗೆ ಹೋಗಲು ದಾರಿ ನಾರ್ಮಂಡಿ ಸೇತುವೆ. 1995ರ ಜನವರಿಯಲ್ಲಿ ತೆರೆದ ಇದರ ಉದ್ದ 2,143 ಮೀಟರ್, ಎರಡು ಕಂಬಗಳ ನಡುವಿನ ಅಂತರ 856 ಮೀಟರ್. ಕೇಬಲ್ಲುಗಳಿಂದ ತೂಗುಹಾಕಿದ ಇಂಥ ಸೇತುವೆಗಳಲ್ಲಿ ಆಗ ಅದು ಜಗತ್ತಿನ ದಾಖಲೆ. ನಡುವೆ ರಸ್ತೆ ಏರಿ ಮುಂದೆ ಆಕಾಶವಷ್ಟೇ ಕಾಣುತ್ತದೆ. ಎಡಕ್ಕೆ ನೋಡಿದರೆ ನದಿ, ಬಲಕ್ಕೆ ನೋಡಿದರೆ ಕಡಲು. ಕಾರಿಗೆ ಟೋಲ್ ಇದೆ, ನಡೆಯುವವರಿಗೂ ಸೈಕಲ್ಲಿನವರಿಗೂ ಇಲ್ಲ.

ಸೇತುವೆ ಇಳಿದರೆ ಓನ್‌ಫ್ಲರ್. ಹಳೆಯ ಬಂದರು ಒಂದು ಚೌಕಾಕಾರದ ಕೊಳದಂತಿದೆ, ಅದರ ಸುತ್ತ ಐದಾರು ಅಂತಸ್ತಿನ, ಅಗಲವಿಲ್ಲದ, ಸ್ಲೇಟು ಹೊದ್ದ ಮನೆಗಳು. ಅವುಗಳ ನೆರಳು ದೋಣಿಗಳ ನಡುವೆ ನಡುಗುತ್ತಿರುತ್ತದೆ. ಇಲ್ಲಿಂದಲೇ ಶಾಂಪ್ಲೇನ್ 1608ರಲ್ಲಿ ಹಡಗು ಹತ್ತಿ ಹೋಗಿ ಕೆನಡಾದ ಕೆಬೆಕ್ ನಗರ ಕಟ್ಟಿದ. ಕೊಳದ ಅಂಚಿನ ಹೋಟೆಲುಗಳಲ್ಲಿ ಕೂತರೆ ಬಿಲ್ಲಿನಲ್ಲಿ ನೋಟಕ್ಕೂ ಸೇರಿಸಿಯೇ ಲೆಕ್ಕ. ಒಂದು ಬೀದಿ ಹಿಂದೆ ಸರಿದರೆ ಅದೇ ಊಟ ಅಗ್ಗ.

ಇಲ್ಲಿ ಬಿಡಲೇಬಾರದ್ದು ಸೇಂತ್ ಕತ್ರೀನ್ ಚರ್ಚು. ಇಂಗ್ಲೆಂಡ್–ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧ ಮುಗಿದ ಮೇಲೆ, 15ನೆಯ ಶತಮಾನದಲ್ಲಿ, ಊರವರು ಕಾಡಿನ ಓಕ್ ಮರ ಕಡಿದು ತಂದು ಹಡಗು ಕಟ್ಟುವ ಬಡಗಿಗಳಿಂದಲೇ ಚರ್ಚು ಕಟ್ಟಿಸಿದರು. ಅವರಿಗೆ ಗೊತ್ತಿದ್ದದ್ದು ಹಡಗು. ಒಳಗೆ ನಿಂತು ತಲೆ ಎತ್ತಿದರೆ ಸೂರು ಕಾಣುವುದಿಲ್ಲ, ಮಗುಚಿ ಹಾಕಿದ ಎರಡು ಹಡಗಿನ ಹೊಟ್ಟೆ ಪಕ್ಕಪಕ್ಕದಲ್ಲಿ ಕಾಣುತ್ತದೆ. ಕಂಬಗಳು ಒಂದೇ ಎತ್ತರದವಲ್ಲ. ಮರ ಸಿಕ್ಕಷ್ಟು ಉದ್ದಕ್ಕೆ ನಿಲ್ಲಿಸಿ, ಮೋಟಾದವಕ್ಕೆ ಕೆಳಗೆ ಕಲ್ಲಿನ ಪೀಠ ಕೊಟ್ಟಿದ್ದಾರೆ. ಗಂಟೆಗೋಪುರ ಚರ್ಚಿಗೆ ಅಂಟಿಕೊಂಡಿಲ್ಲ, ಚೌಕದ ಆಚೆ ಬದಿಯಲ್ಲಿ ಒಂಟಿಯಾಗಿದೆ. ಗಂಟೆಯ ಭಾರವನ್ನೂ ಸಿಡಿಲನ್ನೂ ಮರದ ಚರ್ಚಿನಿಂದ ದೂರ ಇಟ್ಟರು ಎನ್ನುತ್ತಾರೆ. ಚರ್ಚಿನ ಸುತ್ತ ಸಂತೆ ಸೇರುವುದು ಶನಿವಾರ ಬೆಳಿಗ್ಗೆ. ಅದನ್ನು ನೋಡಬೇಕೆನ್ನುವವರು ಇಡೀ ಪ್ರವಾಸವನ್ನು ತಿರುವುಮುರುವು ಮಾಡಿ ಕಡಲಿನಿಂದಲೇ ಶುರುಮಾಡಬಹುದು.

ಓನ್‌ಫ್ಲರ್‌ನಿಂದ ತ್ರೂವಿಲ್‌ಗೆ ಗುಡ್ಡದಂಚಿನ ರಸ್ತೆಯಲ್ಲಿ 15 ಕಿಲೋಮೀಟರ್. ತ್ರೂವಿಲ್, ದೋವಿಲ್ ನಡುವೆ ತೂಕ್ ಎಂಬ ಸಣ್ಣ ಹೊಳೆಯಷ್ಟೇ ಅಡ್ಡ, ಗುಣದಲ್ಲಿ ಮಾತ್ರ ಅಜಗಜಾಂತರ. ತ್ರೂವಿಲ್ ಮೀನುಗಾರರ ಹಳ್ಳಿಯಾಗಿದ್ದದ್ದು ಚಿತ್ರಕಾರರಿಂದಾಗಿ ಹೆಸರಾಯಿತು. ದೋವಿಲ್ ಜೌಗು ನೆಲದ ಮೇಲೆ ನಕ್ಷೆ ಹಾಕಿ ಎಬ್ಬಿಸಿದ ಊರು. ಮೂರನೆಯ ನೆಪೋಲಿಯನ್ನನ ಮಲಸಹೋದರ ಮೊರ್ನಿ ಡ್ಯೂಕ್ 1860ರ ಹೊತ್ತಿಗೆ ಜಾಗ ಹಿಡಿದು ರೈಲು ತರಿಸಿದ, ರೇಸ್ ಕೋರ್ಸ್ ಮಾಡಿಸಿದ. 1912ರಲ್ಲಿ ಕ್ಯಾಸಿನೊ ಬಂತು. ಮರುವರ್ಷ ಕೊಕೊ ಶನೆಲ್ ಇಲ್ಲಿ ಅಂಗಡಿ ತೆರೆದಳು. ಅದಕ್ಕೆ ಬಂಡವಾಳ ಹಾಕಿದವನು ಅವಳ ಪ್ರೇಮಿ, ಬಾಯ್ ಕೇಪಲ್.

ಮೊನೆ ಮತ್ತು ಕಮೀಯ್ ಮದುವೆಯಾದದ್ದು 1870ರ ಜೂನ್ 28ರಂದು. ಆ ಬೇಸಿಗೆಯಲ್ಲಿ, ಮೂರು ವರ್ಷ ತುಂಬುತ್ತಿದ್ದ ಮಗ ಜ್ಯಾಂನನ್ನೂ ಕರೆದುಕೊಂಡು ತ್ರೂವಿಲ್‌ಗೆ ಬಂದರು. ಮಧುಚಂದ್ರ ಎನ್ನಬೇಕೆಂದರೆ ಎನ್ನಬಹುದು. ಕೈಯಲ್ಲಿ ಕಾಸಿರಲಿಲ್ಲ, ಜುಲೈ 19ರಂದು ಪ್ರಷ್ಯದ ಮೇಲೆ ಯುದ್ಧ ಘೋಷಣೆಯಾಗಿತ್ತು. ಆಗ ಬರೆದ ಚಿತ್ರಗಳಲ್ಲಿ ಒಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಗಲ 46 ಸೆಂಟಿಮೀಟರ್, ಅಂದರೆ ತೊಡೆಯ ಮೇಲಿಟ್ಟು ಬರೆಯಬಹುದಾದಷ್ಟು. ಎಡಕ್ಕೆ ಬಿಳಿ ಬಟ್ಟೆ, ಹೂವಿನ ಟೋಪಿ, ಕೊಡೆಯ ಕಮೀಯ್. ಬಲಕ್ಕೆ ಕಪ್ಪು ಉಟ್ಟ ಇನ್ನೊಬ್ಬಾಕೆ, ಬಹುಶಃ ಓನ್‌ಫ್ಲರ್‌ನ ಚಿತ್ರಕಾರ ಬೂದಾಂನ ಹೆಂಡತಿ. ನಡುವೆ ಖಾಲಿ ಕುರ್ಚಿ. ಗಂಡನ ಕುಂಚದ ಆತುರಕ್ಕೆ ಕಮೀಯ್‌ಳ ಮುಖ ಒಂದೆರಡು ಗೀರಿನಲ್ಲೇ ಮುಗಿದಿದೆ. ಬಣ್ಣ ಹಸಿಯಿದ್ದಾಗ ಗಾಳಿಗೆ ಹಾರಿಬಂದ ಮರಳಿನ ಕಣಗಳು ಕ್ಯಾನ್ವಾಸಿಗೆ ಮೆತ್ತಿಕೊಂಡಿವೆ, ಇವತ್ತಿಗೂ ಅಲ್ಲೇ ಇವೆ. ಆ ಶರತ್ಕಾಲ ಸೇನೆ ಸೇರುವುದನ್ನು ತಪ್ಪಿಸಿಕೊಂಡು ಮೊನೆ ಲಂಡನ್ನಿಗೆ ಹೋದ. ಕಮೀಯ್ 1879ರಲ್ಲಿ, 32ನೆಯ ವಯಸ್ಸಿನಲ್ಲಿ, ಜಿವೆರ್ನಿಗಿಂತ ಮೇಲೆ ಇದೇ ಸೇನ್ ದಂಡೆಯ ವೆತೇಯ್ ಎಂಬ ಊರಿನಲ್ಲಿ ತೀರಿಕೊಂಡಳು.

ದೋವಿಲ್‌ನ ಹೆಗ್ಗುರುತು ಲೆ ಪ್ಲಾಂಶ್, ಮರಳಿನ ಮೇಲೆ ಹಾಸಿದ ಹಲಗೆಯ ಕಾಲುದಾರಿ. 1920ರ ದಶಕದಲ್ಲಿ ಆಫ್ರಿಕಾದ ಅಜೊಬೆ ಮರದಿಂದ ಮಾಡಿದ್ದು. ಪಕ್ಕದ ಸ್ನಾನದ ಕೋಣೆಗಳ ಕಟಕಟೆಯ ಮೇಲೆ ಹಾಲಿವುಡ್ ತಾರೆಯರ ಹೆಸರುಗಳಿವೆ. 1975ರಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ಇಲ್ಲಿ ಅಮೆರಿಕನ್ ಚಿತ್ರೋತ್ಸವ ನಡೆಯುತ್ತದೆ, ಬಂದುಹೋದವರ ಹೆಸರು ಅಲ್ಲಿ ಉಳಿಯುತ್ತದೆ. ದಾರಿ ಮುಗಿದ ಮೇಲೆ ನೀರಿನವರೆಗೆ ಬರೀ ಮರಳು. ಇಳಿತದ ಹೊತ್ತಿನಲ್ಲಿ ಕಡಲು ಎಲ್ಲೋ ದೂರದ ಗೆರೆಯಾಗಿರುತ್ತದೆ.

ಈ ತೀರವನ್ನು ಪ್ರೇಮಕ್ಕೆ ಬರೆದುಕೊಟ್ಟದ್ದು ಒಂದು ಸಿನಿಮಾ. 1965ರ ಸೆಪ್ಟೆಂಬರ್‌ನಲ್ಲಿ ಕ್ಲೋಡ್ ಲೆಲೂಶ್ ಎಂಬ 27ರ ನಿರ್ದೇಶಕ ತನ್ನ ಚಿತ್ರವೊಂದು ಕೈಕೊಟ್ಟ ಬೇಸರದಲ್ಲಿ ರಾತ್ರೋರಾತ್ರಿ ಪ್ಯಾರಿಸ್‌ನಿಂದ ಕಾರು ಓಡಿಸಿಕೊಂಡು ಇಲ್ಲಿಗೆ ಬಂದ, ಕಾರಿನಲ್ಲೇ ಮಲಗಿದ. ಬೆಳಕು ಹರಿದಾಗ ದೂರದ ಮರಳಿನ ಮೇಲೆ ಒಬ್ಬ ಹೆಂಗಸು, ಒಂದು ಮಗು, ಒಂದು ನಾಯಿ. ಈ ಹೊತ್ತಿನಲ್ಲಿ ಇವಳಿಗೇನು ಕೆಲಸ ಎಂದು ಅವನು ಯೋಚಿಸಿದ್ದೇ ಕಥೆಯಾಯಿತು. ಮರುವರ್ಷ ಬಂದ ‘ಒಬ್ಬ ಗಂಡು, ಒಬ್ಬಳು ಹೆಣ್ಣು’ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು, ಆಮೇಲೆ ಎರಡು ಆಸ್ಕರ್. ಆನೂಕ್ ಎಮೆ ವಿಧವೆ, ಜ್ಯಾಂ ಲೂಯಿ ತ್ರಾಂತಿನ್ಯಾಂ ವಿಧುರ. ಇಬ್ಬರ ಮಕ್ಕಳೂ ದೋವಿಲ್‌ನ ವಸತಿ ಶಾಲೆಯಲ್ಲಿ. ಭಾನುವಾರ ಮಕ್ಕಳನ್ನು ನೋಡಲು ಬಂದ ಅವಳಿಗೆ ಪ್ಯಾರಿಸ್ ರೈಲು ತಪ್ಪುತ್ತದೆ, ಅವನು ಕಾರಿನಲ್ಲಿ ಕರೆದೊಯ್ಯುತ್ತಾನೆ. ಮಳೆ, ವೈಪರ್, ಅರ್ಧರ್ಧ ಮಾತು. ಬಣ್ಣದ ಫಿಲಮ್ಮಿಗೆ ಹಣ ಸಾಲದೆ ಹಲವು ದೃಶ್ಯಗಳು ಕಪ್ಪು ಬಿಳುಪಿನಲ್ಲಾದವು. ಪಂಡಿತರು ಅದರಲ್ಲೂ ಅರ್ಥ ಹುಡುಕಿದರು.

ಆ ಸಿನಿಮಾದ ವಾಪಸು ದಾರಿಯೇ ಈಗಲೂ ಎಲ್ಲರ ವಾಪಸು ದಾರಿ. ಬೇಸಿಗೆಯ ಭಾನುವಾರ ಸಂಜೆ ಅದರಲ್ಲಿ ಎರಡು ಗಂಟೆಯ ಲೆಕ್ಕ ನಡೆಯುವುದಿಲ್ಲ. ರಸ್ತೆಯ ದಟ್ಟಣೆ ಮುಂಚಿತವಾಗಿ ಹೇಳಲು ಸರ್ಕಾರದ ‘ಬಿಜೋಂ ಫ್ಯುತೆ’ ಸೇವೆ 1976ರಿಂದ ಇದೆ. ಹೆಸರಿನ ಅರ್ಥ ಜಾಣ ಕಾಡುಕೋಣ, ಗುರುತು ಒಬ್ಬ ರೆಡ್ ಇಂಡಿಯನ್. ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ದಿನಗಳಿಗೆ ಬಣ್ಣ ಹಚ್ಚುತ್ತದೆ. ಕೆಂಪಿದ್ದ ದಿನ ನಾಲ್ಕು ಗಂಟೆಗೆ ಮೊದಲೇ ಹೊರಡಬೇಕು, ಇಲ್ಲವೇ ತ್ರೂವಿಲ್‌ನ ಮೀನು ಮಾರುಕಟ್ಟೆಯ ಕಟ್ಟೆಯ ಮೇಲೆ ಏನಾದರೂ ತಿಂದು, ಕತ್ತಲಾದ ಮೇಲೆ ನಿಧಾನಕ್ಕೆ ಕಾರು ತೆಗೆಯಬೇಕು. ಎರಡನೆಯದೇ ಮೇಲು. ಟೋಲ್ ಕಟ್ಟಲು ಶನಿವಾರದ ಪಯಣಕ್ಕೆ ಮಂಗಳವಾರದ ಗಡುವು, ಭಾನುವಾರದ್ದಕ್ಕೆ ಬುಧವಾರದ್ದು. ಕಾರಿನ ನಂಬರ್ ಬರೆದಿಟ್ಟುಕೊಳ್ಳದೆ ಬೀಗದ ಕೈ ಹಿಂತಿರುಗಿಸಬಾರದು.